ಫೇರೋ ದ್ವೀಪಗಳ ಕುಣಿತದ ಕಾವ್ಯ

ಜನಪದ ಕಾವ್ಯವನ್ನು ಅಚ್ಚಿನ ಪುಸ್ತಕದಲ್ಲಿ ಓದಿ ಬೆಲೆ ಕಟ್ಟುವವರಿಗೆ ಎರಡು ಮಾತುಗಳು ಸದಾ ಸಿದ್ಧವಾಗಿರುತ್ತವೆ. ಹಾಡು ಪುರಾತನವಾಗಿದ್ದರೆ ಅದನ್ನು ಪ್ರಾಚೀನತೆಯ ಗಣಿಯೆಂದು ಹೊಗಳುವುದು; ದೀರ್ಘವಾಗಿದ್ದರೆ ಪುನರುಕ್ತಿಯ ರಾಶಿಯೆಂದು ಬದಿಗಿಡುವುದು. ಅಟ್ಲಾಂಟಿಕ್ ಮಹಾಸಾಗರದ ಉತ್ತರಭಾಗದಲ್ಲಿರುವ ಫೇರೋ ದ್ವೀಪಗಳ ಕಥನಗೀತಗಳಿಗೆ ಈ ಎರಡು ತೀರ್ಪುಗಳೂ ದೊರೆತಿವೆ. ಎರಡರಲ್ಲಿಯೂ ಅಡಗಿರುವ ತಪ್ಪು ಒಂದೇ. ಈ ಗೀತಗಳು ಓದುವವರಿಗಾಗಿ ಹುಟ್ಟಿದವಲ್ಲ. ಕುಳಿತು ಕೇಳುವವರಿಗಾಗಿ ಹುಟ್ಟಿದವೂ ಅಲ್ಲ. ಚಳಿಗಾಲದಲ್ಲಿ ಹೊರಲೋಕದ ಸಂಪರ್ಕ ಕಡಿದುಹೋದ ಹಳ್ಳಿಯೊಂದು ಕೈಕೈ ಹಿಡಿದು, ತಾನೇ ಹಾಡಿ, ತಾನೇ ಕುಣಿದು, ತಾನೇ ಕೇಳಿಕೊಂಡ ಕಾವ್ಯವಿದು. ಸಭಾಸದರೆಂಬುವರೇ ಅಲ್ಲಿರಲಿಲ್ಲ. ಸಭೆಯಿಲ್ಲದ ಕಾವ್ಯಕ್ಕೆ ಸಭಾಕಾವ್ಯದ ಅಳತೆಗೋಲು ಸಲ್ಲುವುದೇ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆ.

ಫೇರೋ ಎಂಬುದು ನಾರ್ವೆ, ಐಸ್‌ಲೆಂಡ್, ಸ್ಕಾಟ್ಲೆಂಡುಗಳ ನಡುವೆ ಬಿದ್ದಿರುವ 18 ದ್ವೀಪಗಳ ಒಂದು ಗುಂಪು. ಇಂದು ಅಲ್ಲಿ 50,000ಕ್ಕೂ ಮಿಕ್ಕ ಜನರಿದ್ದಾರೆ. 1801ರಲ್ಲಿ ಇದ್ದವರು 5,000ದಷ್ಟು. ಉತ್ತರದ ದೇಶವೆಂದೊಡನೆ ಹಿಮದ ರಾಶಿಯನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. ಸಮುದ್ರದ ಬೆಚ್ಚನೆಯ ಪ್ರವಾಹವೊಂದು ಹತ್ತಿರದಲ್ಲಿಯೇ ಹಾದುಹೋಗುವುದರಿಂದ ತಗ್ಗಿನ ನೆಲದಲ್ಲಿ ಹಿಮ ಬಹಳ ದಿನ ನಿಲ್ಲುವುದಿಲ್ಲ. ಅಲ್ಲಿಯ ಚಳಿಗಾಲವೆಂದರೆ ಗಾಳಿ, ಮಳೆ, ಕತ್ತಲೆ. ಡಿಸೆಂಬರಿನಲ್ಲಿ ಹಗಲು ಐದು ಗಂಟೆಯಷ್ಟು. ಹಳ್ಳಿಗಳೆಲ್ಲ ಬೆಟ್ಟದ ಬುಡದಲ್ಲಿ, ಕಡಲಿನ ಅಂಚಿನಲ್ಲಿ. ಅಲೆ ಎದ್ದರೆ ದೋಣಿ ಇಳಿಸುವಂತಿಲ್ಲ, ಬೆಟ್ಟದ ಮೇಲೆ ಮಂಜು ಕವಿದರೆ ಕಾಲುದಾರಿ ಹಿಡಿಯುವಂತಿಲ್ಲ. ಗೋಸದಾಲುರ್ ಎಂಬ ಹಳ್ಳಿಗೆ ಬೆಟ್ಟ ಕೊರೆದು ಸುರಂಗ ಮಾಡಿದ್ದು 2004ರಲ್ಲಿ. ಅದಕ್ಕೆ ಮುಂಚೆ ಅಂಚೆಯವನು ಸಹ ಬೆಟ್ಟ ಹತ್ತಿ ಇಳಿದೇ ಅಲ್ಲಿಗೆ ಹೋಗಬೇಕಾಗಿತ್ತು.

ಇಂಥ ಊರುಗಳಲ್ಲಿ ಇರುಳು ಕಳೆಯುತ್ತಿದ್ದುದು ಹೊಗೆಕೋಣೆಯೆಂದು ಕರೆಯಲಾಗುತ್ತಿದ್ದ ದೊಡ್ಡ ಕೋಣೆಯಲ್ಲಿ. ಅದರ ನಡುವೆ ಒಲೆ. ಮಾಡಿನಲ್ಲಿ ಹೊಗೆ ಹೋಗಲು ಒಂದು ಕಂಡಿ. ಮನೆಯವರೂ ಆಳುಗಳೂ ಒಟ್ಟಿಗೆ ಕುಳಿತು ಉಣ್ಣೆ ಹಿಂಜುವರು, ನೂಲುವರು, ಹೆಣೆಯುವರು. ಉಣ್ಣೆಯೇ ಫೇರೋದ ಹೊನ್ನು ಎಂದು ಆ ಜನರ ಗಾದೆ. ಅವರು ಹೆಣೆದ ಕಾಲುಚೀಲಗಳೇ ಬಹುಕಾಲ ದ್ವೀಪಗಳಿಂದ ಹೊರಕ್ಕೆ ಹೋಗುತ್ತಿದ್ದ ಮುಖ್ಯ ಸರಕು. ಕೈ ದುಡಿಯುತ್ತಿರುವಾಗ ಬಾಯಿಗೆ ಬಿಡುವು. ಕಥೆ ಹೇಳುವವರು ಕಥೆ ಹೇಳಿದರು. ಗೀತ ಬಲ್ಲವರು ಗೀತವನ್ನು ನಿಧಾನವಾಗಿ ಒಪ್ಪಿಸಿದರು. ಕ್ರಿಸ್‌ಮಸ್ಸಿನಿಂದ ಮೊದಲಾಗಿ ಈಸ್ಟರಿಗೆ ಮುಂಚಿನ ಉಪವಾಸಕಾಲದವರೆಗೆ ಕುಣಿತದ ಋತು. ಇರುಳುಕೂಟದಲ್ಲಿ ಕೇಳಿದುದೇ ಆಗ ಕುಣಿತದ ಬಳಸಿಗೆ ಬರುತ್ತಿತ್ತು.

ಕುಣಿತದ ರೀತಿ ನೋಡುವುದಕ್ಕೆ ಬಹು ಸರಳ. ಗಂಡಸರು, ಹೆಂಗಸರು, ಹುಡುಗರು ಎನ್ನದೆ ಎಲ್ಲರೂ ಕೈಹಿಡಿದು ಬಳಸಿಯಾಗಿ ನಿಲ್ಲುತ್ತಾರೆ. ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಒಂದು. ಮತ್ತೆ ಎಡಕ್ಕೆ ಎರಡು. ವಾದ್ಯವಿಲ್ಲ. ತಾಳವೆಂದರೆ ಹಲಗೆಯ ನೆಲದ ಮೇಲೆ ಕಾಲು ಬೀಳುವ ಸದ್ದು. ಕೋಣೆ ಚಿಕ್ಕದು, ಜನ ಹೆಚ್ಚು. ಆದುದರಿಂದ ಬಳಸಿಯು ದುಂಡಗೆ ನಿಲ್ಲದೆ ಒಳಕ್ಕೆ ಮಡಿಸಿ, ಹೊರಕ್ಕೆ ಬಾಗಿ, ಹಾವಿನಂತೆ ಸುತ್ತಿಕೊಳ್ಳುತ್ತದೆ. ಹೀಗೆ ಸುತ್ತುವಾಗ ಪ್ರತಿಯೊಬ್ಬನ ಮುಖವೂ ಮತ್ತೊಬ್ಬನ ಮುಖದ ಎದುರಿಗೆ ಹಾದುಹೋಗುತ್ತದೆ. ಸ್ಥಳದ ಇಕ್ಕಟ್ಟಿನಿಂದ ಹುಟ್ಟಿದ ಈ ಏರ್ಪಾಡೇ ಆ ಕಲೆಯ ಪ್ರಾಣ. ಮುಂದಾಳುವಿಗೆ ಹಡಗಿನ ನಾಯಕನಿಗೆ ಸಲ್ಲುವ ಹೆಸರನ್ನೇ ಕೊಟ್ಟಿದ್ದಾರೆ, ಶಿಪಾರಿ ಎಂದು. ಅವನು ಪದ್ಯವನ್ನು ಎತ್ತುತ್ತಾನೆ, ಬಲ್ಲವರು ಜೊತೆಗೂಡುತ್ತಾರೆ, ಪದ್ಯ ಮುಗಿದೊಡನೆ ಸೊಲ್ಲನ್ನು ಬಳಸಿಯೆಲ್ಲವೂ ಒಟ್ಟಾಗಿ ಹೇಳುತ್ತದೆ. ಮಧ್ಯಯುಗದಲ್ಲಿ ಯೂರೋಪಿನ ಅನೇಕ ದೇಶಗಳಲ್ಲಿದ್ದ ಸರಪಣಿಕುಣಿತ ಮಿಕ್ಕೆಡೆಗಳಲ್ಲಿ ಅಳಿದು ಇಲ್ಲಿ ಉಳಿಯಿತೆಂದು ವಿದ್ವಾಂಸರು ಹೇಳುತ್ತಾರೆ. ಆದರೆ ಒಂದು ವಸ್ತು ಉಳಿದುಬಂದಿತೆಂದು ಹೇಳಿದ ಮಾತ್ರಕ್ಕೆ ಅದು ಏತಕ್ಕಾಗಿ ಉಳಿಯಿತೆಂಬುದನ್ನು ಹೇಳಿದಂತಾಗುವುದಿಲ್ಲ.

ಗೀತಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಷೂರುರ್ ಎಂಬ ವೀರನ ಕಥೆ. ಐಸ್‌ಲೆಂಡಿನ ವೋಲ್ಸುಂಗ ಸಾಗಾದಲ್ಲಿ ಸಿಗುರ್ದನೆಂದೂ ಜರ್ಮನರಲ್ಲಿ ಸೀಗ್‌ಫ್ರೀಡನೆಂದೂ ಹೆಸರಾದವನೇ ಇವನು. ಕಮ್ಮಾರ ರೇಯಿನ್, ಬ್ರುನ್‌ಹಿಲ್ಡ್, ಹೋಗ್ನಿ ಎಂಬವರ ಹೆಸರಿನಲ್ಲಿ ಗೀತ ಮೂರು ಭಾಗಗಳಾಗಿದೆ. ಜೊತೆಯ ಹುಡುಗರೊಡನೆ ಒರಟಾಗಿ ಆಡುತ್ತಿದ್ದ ಬಾಲಕನಿಗೆ ಅವರು, ನಮ್ಮನ್ನು ಹೊಡೆಯುವುದಕ್ಕಿಂತ ನಿನ್ನ ತಂದೆಯ ಕೊಲೆಗೆ ಸೇಡು ತೀರಿಸುವುದು ಮೇಲಲ್ಲವೇ ಎಂದು ಹಂಗಿಸುತ್ತಾರೆ. ಹುಡುಗ ತಾಯಿಯ ಬಳಿಗೆ ಓಡುತ್ತಾನೆ. ಅವಳಲ್ಲಿ ಗಂಡನ ಮುರಿದ ಕತ್ತಿ ಇದೆ. ಕಮ್ಮಾರನು ಮೊದಲು ಮಾಡಿಕೊಟ್ಟ ಕತ್ತಿ ಮುರಿಯುತ್ತದೆ. ಮುಂದೆ ಮಾಡಿದ ಕತ್ತಿ ಅಡಿಗಲ್ಲನ್ನೇ ಸೀಳುತ್ತದೆ. ಆಮೇಲೆ ನಿಧಿಯನ್ನು ಕಾಯುವ ಘಟಸರ್ಪದ ವಧೆ, ಕಮ್ಮಾರನ ವಧೆ, ಹೊನ್ನು.

ಇದನ್ನು ಪುಸ್ತಕದಲ್ಲಿ ಓದುವವನಿಗೆ ಎರಡು ಅಡ್ಡಿಗಳು ಎದುರಾಗುತ್ತವೆ. ಒಂದು, ಪದ್ಯಗಳು ಜೋಡಿಜೋಡಿಯಾಗಿ ಬರುವುದು: ಈಗತಾನೆ ಹೇಳಿದ್ದನ್ನು ಮುಂದಿನ ಪದ್ಯ ಒಂದೆರಡು ಮಾತು ಬದಲಿಸಿ ಮತ್ತೆ ಹೇಳುತ್ತದೆ. ಪ್ರಾಸದ ಅನುಕೂಲಕ್ಕಾಗಿ ಹೀಗೆ ಮಾಡಿರಬೇಕೆಂದು ಓದುಗನು ಎಣಿಸುತ್ತಾನೆ. ಬಳಸಿಯಲ್ಲಿ ನಿಂತವನ ಅನುಭವ ಬೇರೆ. ಮೊದಲನೆಯ ಪದ್ಯವನ್ನು ಶಿಪಾರಿಯ ಬಾಯಿಂದ ಕೇಳಿದ ಹುಡುಗ ಎರಡನೆಯದನ್ನು ತಾನೂ ಹೇಳಬಲ್ಲನು. ಬದಲಾದುದು ಒಂದು ಮಾತು ಮಾತ್ರವಷ್ಟೆ. ಹತ್ತು ಚಳಿಗಾಲ ಕಳೆಯುವುದರೊಳಗೆ, ಯಾರೂ ಪಾಠ ಹೇಳದೆ, ಗೀತವೆಲ್ಲ ಅವನದಾಗುತ್ತದೆ. ಪುನರುಕ್ತಿ ಇಲ್ಲಿ ಅಲಂಕಾರವೂ ಅಲ್ಲ, ದೋಷವೂ ಅಲ್ಲ. ಬರೆಹವಿಲ್ಲದ ಜನರ ಪಾಠಶಾಲೆ ಅದು. ನಾಲ್ಕುನೂರು ಪದ್ಯಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳತಕ್ಕ ಸಮಾಜವು ತನ್ನ ಕಾವ್ಯವನ್ನು ಹೀಗಲ್ಲದೆ ಕಟ್ಟುವಂತೆಯೇ ಇರಲಿಲ್ಲ.

ಎರಡನೆಯ ಅಡ್ಡಿ ಸೊಲ್ಲು. ಪ್ರತಿ ಪದ್ಯಕ್ಕೂ ಒಂದೇ ಸೊಲ್ಲು. ಅಚ್ಚಿನಲ್ಲಿ ಅದನ್ನು ಒಮ್ಮೆ ಕೊಟ್ಟು ಆಮೇಲೆ ಬಿಟ್ಟುಬಿಡುವುದು ರೂಢಿ. ಸಂಪಾದಕರಿಗೆ ಕಾಗದದ ಉಳಿತಾಯವಾಯಿತು. ಕಾವ್ಯಕ್ಕೆ ಆದ ನಷ್ಟ ದೊಡ್ಡದು. ಷೂರುರನ ಗೀತದ ಸೊಲ್ಲಿನಲ್ಲಿ ನಿಧಿಯನ್ನು ಹೊತ್ತು ತಂದ ಅವನ ಕುದುರೆ ಗ್ರಾನಿಯ ಸ್ಮರಣೆಯಿದೆ. ಹುಡುಗರ ಜಗಳ ನಡೆಯುವಾಗಲೂ ಅದೇ ಸೊಲ್ಲು; ತಾಯಿ ಅಳುವಾಗಲೂ ಅದೇ; ಕತ್ತಿ ಮುರಿಯುವಾಗ, ಸರ್ಪ ಸಾಯುವಾಗ, ಕಡೆಗೆ ಷೂರುರನೇ ಮೋಸದಿಂದ ಹತನಾಗುವಾಗ, ಬಳಸಿಯೆಲ್ಲವೂ ಉತ್ಸಾಹದಿಂದ ಕಾಲಪ್ಪಳಿಸಿ ಕೂಗುವುದು ಆ ಹೊನ್ನಿನ ಸುದ್ದಿಯನ್ನೇ. ಹೊನ್ನು ದೊರೆಯುವ ಮುನ್ನ ಅದು ಭವಿಷ್ಯವಾಣಿ. ದೊರೆತ ಕ್ಷಣದಲ್ಲಿ ಜಯಘೋಷ. ವೀರನ ಹೆಣ ಬಿದ್ದಾಗ ಅದೇ ಮಾತು ಕ್ರೂರವಾಗುತ್ತದೆ. ಒಂದಕ್ಷರವೂ ಬದಲಾಗದೆ ಅರ್ಥ ಮೂರು ಬಗೆಯಾಗಿ ತಿರುಗುವ ಈ ವ್ಯವಸ್ಥೆಯನ್ನು ಒಬ್ಬ ಕವಿ ಬುದ್ಧಿಪೂರ್ವಕವಾಗಿ ಮಾಡಿದ್ದರೆ ವಿಮರ್ಶಕರು ಪುಟಗಟ್ಟಲೆ ಹೊಗಳುತ್ತಿದ್ದರು. ಸೊಲ್ಲಿಗೆ ಇನ್ನೂ ಒಂದು ಸಾಮಾನ್ಯವಾದ ಉಪಯೋಗವುಂಟು. ಅದು ಶಿಪಾರಿಗೆ ಉಸಿರು ಕೊಡುತ್ತದೆ, ಮುಂದಿನ ಪದ್ಯವನ್ನು ನೆನೆದುಕೊಳ್ಳಲು ಬಿಡುವು ಕೊಡುತ್ತದೆ.

ಧಾಟಿಯ ವಿಷಯದಲ್ಲಿಯೂ ಹೀಗೆಯೇ ಹೇಳಬೇಕು. ಸಂಗೀತಶಾಸ್ತ್ರದ ದೃಷ್ಟಿಯಿಂದ ಈ ಧಾಟಿಗಳಲ್ಲಿ ಹೆಚ್ಚಿನ ಬೆಡಗಿಲ್ಲ. ಕೆಲವೇ ಸ್ವರಗಳ ನಡುವೆ ಅಡ್ಡಾಡುತ್ತವೆ. ಕೊರಳಿನ ಇಂಪು ಯಾರಿಗೂ ಬೇಕಾಗಿಲ್ಲ. ಆದರೆ ಹೆಜ್ಜೆಯ ಆವರ್ತವೂ ಪದ್ಯದ ಆವರ್ತವೂ ಒಂದೇ ಕಡೆ ಮುಗಿಯುವುದಿಲ್ಲವಾದ ಕಾರಣ ಒಂದು ಪದ್ಯ ಎಡಹೆಜ್ಜೆಯ ಮೇಲೆ ತೊಡಗಿದರೆ ಮತ್ತೊಂದು ಬೇರೆ ಹೆಜ್ಜೆಯ ಮೇಲೆ ತೊಡಗುತ್ತದೆ. ಕಾಲೂ ಮಾತೂ ಸದಾ ಒಂದನ್ನೊಂದು ದಾಟಿಹೋಗುತ್ತಿರುವುದರಿಂದ ಗೀತವು ನೂರು ಪದ್ಯ ಕಳೆದರೂ ಗಾಣದ ಎತ್ತಿನ ನಡೆಯಾಗುವುದಿಲ್ಲ. ಯುದ್ಧದ ಪದ್ಯ ಬಂದಾಗ ಹೆಜ್ಜೆ ಭಾರವಾಗುತ್ತದೆ, ದನಿ ಏರುತ್ತದೆ. ಶೋಕದ ಪದ್ಯದಲ್ಲಿ ತಗ್ಗುತ್ತದೆ. ಅಭಿನಯವೆಂಬುದು ಇಷ್ಟೇ.

ಸಂಗ್ರಹದ ಇತಿಹಾಸ ಈ ಕಾವ್ಯದ ವಿಮರ್ಶೆಯಿಂದ ಬೇರ್ಪಡಿಸಲಾಗದ್ದು. ಏಕೆಂದರೆ ತೀರ್ಪುಗಳೆಲ್ಲ ಹುಟ್ಟಿದ್ದು ಸಂಗ್ರಾಹಕರ ಮೂಲಕವೇ. 16ನೆಯ ಶತಮಾನದಲ್ಲಿ ಕ್ರೈಸ್ತಮತದ ಸುಧಾರಣೆಯಾದ ಮೇಲೆ ದ್ವೀಪಗಳ ಇಗರ್ಜಿಗೆ ಡೇನಿಷ್ ಭಾಷೆ ಬಂದಿತು. ನ್ಯಾಯಸ್ಥಾನದಲ್ಲಿಯೂ ಅದೇ, ಆಮೇಲೆ ಶಾಲೆಯಲ್ಲಿಯೂ ಅದೇ. ಜನರ ಮನೆಮಾತಿಗೆ ಒಂದು ಲಿಪಿವ್ಯವಸ್ಥೆಯೂ ಇರಲಿಲ್ಲ. ದೇವರೊಡನೆ ಒಂದು ಭಾಷೆ, ದೊರೆಯೊಡನೆ ಅದೇ ಭಾಷೆ, ದನಕುರಿಗಳೊಡನೆ ಮತ್ತೊಂದು ಎಂಬ ಸ್ಥಿತಿಯಲ್ಲಿ ಮನೆಮಾತು ಒರಟುಮಾತಾಗಿಯೇ ಉಳಿಯುವುದು ಸಹಜ. ಹಾಗಾಗಲಿಲ್ಲ. ಅದಕ್ಕೆ ಗಾಂಭೀರ್ಯ ದೊರೆಯುತ್ತಿದ್ದ ಸ್ಥಾನ ಒಂದಿತ್ತು, ಅದೇ ಬಳಸಿ. ರಾಜರು, ಸರ್ಪಗಳು, ಪ್ರತಿಜ್ಞೆಗಳು, ಮರಣಗಳು ಇವೆಲ್ಲವನ್ನೂ ಹೇಳಬಲ್ಲ ಮಾತುಗಳು ಮನೆಮಾತಿನಲ್ಲಿ ಬಳಕೆಯಲ್ಲಿ ಉಳಿದದ್ದು ವರ್ಷದ ಆ ಕೆಲವು ವಾರಗಳ ಕುಣಿತದಿಂದ.

1781-82ರಲ್ಲಿ ಯೆನ್ಸ್ ಕ್ರಿಶ್ಚಿಯನ್ ಸ್ವಾಬೋ ಎಂಬ ದ್ವೀಪದ ವಿದ್ಯಾವಂತನು ಊರೂರು ಸುತ್ತಿ ಗೀತಗಳನ್ನು ಬರೆದುಕೊಂಡನು. ತನ್ನ ಭಾಷೆ ಉಳಿಯುವುದಿಲ್ಲವೆಂದು ಅವನು ನಂಬಿದ್ದನು. ಅವನ ನಿಘಂಟೂ ಗೀತಸಂಗ್ರಹವೂ ಸಾಯತಕ್ಕವರ ಚಿತ್ರ ಬರೆಸಿಟ್ಟುಕೊಂಡಂತೆ. ಅನಂತರ 1817ರಲ್ಲಿ ಲಿಂಗ್ಬಿ ಎಂಬ ಡೇನಿಷ್ ಪಾದ್ರಿ ಕಡಲಿನ ಪಾಚಿಗಳನ್ನು ಪರೀಕ್ಷಿಸಲು ಬಂದು ಷೂರುರನ ಗೀತಗಳನ್ನು ಹಿಡಿದುಕೊಂಡು ಹೋದನು. 1822ರಲ್ಲಿ ಅವನು ಅಚ್ಚುಮಾಡಿಸಿದ ಪುಸ್ತಕವೇ ಫೇರೋ ಭಾಷೆಯ ಮೊದಲನೆಯ ಅಚ್ಚಿನ ಪುಸ್ತಕ. ಸಾಂಡೊಯ್ ದ್ವೀಪದ ಯೊವಾನ್ನೆಸ್ ಕ್ಲೆಮೆನ್ಸೆನ್ ಎಂಬುವನು 1821ರಿಂದ ಹತ್ತು ವರ್ಷ ಬರೆದ ದೊಡ್ಡ ಹಸ್ತಪ್ರತಿ ಹೊರಗಿನವರ ಕೆಲಸಕ್ಕೆ ಸರಿಸಮವಾಗಿ ನಿಲ್ಲುತ್ತದೆ. 1846ರಲ್ಲಿ ಹಮ್ಮರ್ಸ್‌ಹೈಂಬ್ ಎಂಬ ದ್ವೀಪದವನೇ ಆದ ಪಂಡಿತನು ಭಾಷೆಗೆ ಬರೆಹದ ಕ್ರಮವನ್ನು ಗೊತ್ತುಮಾಡಿದನು. ಅದು ಯಾವ ಹಳ್ಳಿಯ ಉಚ್ಚಾರಣೆಯನ್ನೂ ಅನುಸರಿಸಲಿಲ್ಲ. ಹಳೆಯ ನಾರ್ಸ್ ಭಾಷೆಯ ರೂಪಗಳನ್ನು ನೋಡಿಕೊಂಡಿತು. ಅದರಲ್ಲಿ ಯಾರ ನಾಲಿಗೆಯೂ ಉಚ್ಚರಿಸದ ಅಕ್ಷರವೂ ಒಂದುಂಟು. ಇದನ್ನು ಪಂಡಿತರ ಆಡಂಬರವೆಂದು ಹಳಿದವರಿದ್ದಾರೆ. ಆದರೆ ಒಂದು ಹಳ್ಳಿಯ ಉಚ್ಚಾರಣೆಯನ್ನು ಹಿಡಿದಿದ್ದರೆ ಮಿಕ್ಕ ಹಳ್ಳಿಗಳು ಮುನಿಯುತ್ತಿದ್ದುವು. ಯಾರದೂ ಅಲ್ಲದ ಬರೆಹವನ್ನು ಎಲ್ಲರೂ ತಮ್ಮ ತಮ್ಮ ರೀತಿಯಲ್ಲಿ ಓದಿಕೊಂಡರು.

ಡೆನ್ಮಾರ್ಕಿನ ಸ್ವೆಂಡ್ ಗ್ರುಂಟ್ವಿಗನೂ ಯೋರ್ಗೆನ್ ಬ್ಲಾಕನೂ 1872ರಲ್ಲಿ ಎಲ್ಲ ಹಸ್ತಪ್ರತಿಗಳನ್ನೂ ಒಂದೆಡೆ ತರುವ ಕೆಲಸಕ್ಕೆ ತೊಡಗಿದರು. ಗ್ರುಂಟ್ವಿಗನು 1883ರಲ್ಲಿ ತೀರಿಕೊಂಡ ಮೇಲೆ ಬ್ಲಾಕನು ಅದನ್ನು 1905ರವರೆಗೆ ನಡೆಸಿ ಮುಗಿಸಿದನು. ಅದು ಅಚ್ಚಾಗತೊಡಗಿದ್ದು 1941ರಲ್ಲಿ. ಗೀತಗಳ ಅಚ್ಚು ಮುಗಿದದ್ದು 1972ರಲ್ಲಿ. ಧಾಟಿಗಳ ಸಂಪುಟ ಹೊರಬರುವುದಕ್ಕೆ 2003ನೆಯ ಇಸವಿ ಬೇಕಾಯಿತು. ಈ ಅಂತರವೇ ಒಂದು ವಿಮರ್ಶೆ. ಮಾತು ಮೊದಲು, ಹಾಡು ಆಮೇಲೆ, ಹೆಜ್ಜೆ ಎಲ್ಲಕ್ಕಿಂತ ಹಿಂದೆ ಎಂಬ ಕ್ರಮವನ್ನು ವಿದ್ವತ್ತು ತಾನಾಗಿ ಹಾಕಿಕೊಂಡಿತು. ಬಳಸಿಯಲ್ಲಿ ಇದ್ದ ಕ್ರಮ ಇದರ ತಿರುವುಮುರುವು. ಯಾಲ್ಮಾರ್ ಟುರೇನ್ ಎಂಬ ಡೇನಿಷ್ ಸಂಗೀತಜ್ಞನು 20ನೆಯ ಶತಮಾನದ ಆದಿಯಲ್ಲಿ ಫೋನೋಗ್ರಾಫ್ ಯಂತ್ರದೊಡನೆ ದ್ವೀಪಗಳಿಗೆ ಹೋಗಿ, 1908ರಲ್ಲಿ ಅಲ್ಲಿಯ ಜನಪದಗಾನವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ್ದು ದೊಡ್ಡ ಉಪಕಾರ. ಆದರೂ ಆ ಕಾಲದ ಮೇಣದ ಉರುಳೆಯಲ್ಲಿ ಹಿಡಿಯುತ್ತಿದ್ದುದು ಎರಡು ಮೂರು ನಿಮಿಷದ ಹಾಡು ಮಾತ್ರ. ಇರುಳೆಲ್ಲ ನಡೆಯುವ ಗೀತದ ಏರಿಳಿತ ಅದಕ್ಕೆ ನಿಲುಕದು.

ಹಳೆಯದರ ಹಂಬಲ ಸಂಗ್ರಾಹಕರನ್ನು ಮತ್ತೊಂದು ಕಡೆಯೂ ದಾರಿತಪ್ಪಿಸಿತು. ವೀರಗೀತಗಳ ಜೊತೆಗೆ ಬಳಸಿಯಲ್ಲಿ ಟೊಟ್ಟುರ್ ಎಂಬ ಹಾಸ್ಯಗೀತಗಳಿದ್ದುವು. ಊರಿನಲ್ಲಿ ಯಾವನಾದರೂ ಜಂಬ ಕೊಚ್ಚಿದರೆ, ಹೆಣ್ಣು ಕೇಳಲು ಹೋಗಿ ಪೆಚ್ಚಾದರೆ, ಕಡಲಿನಲ್ಲಿ ಹೆದರಿ ಹಿಂದಿರುಗಿದರೆ ಅವನ ಮೇಲೆ ಗೀತ ಸಿದ್ಧವಾಯಿತು. ಕುಣಿತದ ಇರುಳು ಇಬ್ಬರು ಬಲವಾದ ಆಳುಗಳು ಅವನ ಎರಡು ಕೈಗಳನ್ನೂ ಹಿಡಿದು, ಗೀತ ಮುಗಿಯುವವರೆಗೆ ಬಿಡದೆ, ಅವನಿಂದಲೇ ಕುಣಿಸುತ್ತಿದ್ದರೆಂದು ಹಿಂದಿನ ವರ್ಣನೆಗಳಲ್ಲಿದೆ. ಮುಖಗಳು ಮುಖಗಳ ಎದುರಿಗೆ ಹಾದುಹೋಗುವ ಬಳಸಿಯಲ್ಲಿ ಇದೆಂಥ ಶಿಕ್ಷೆಯೆಂಬುದನ್ನು ವಾಚಕರೇ ಊಹಿಸಬಹುದು. ಆರು ತಿಂಗಳು ಒಬ್ಬರನ್ನೊಬ್ಬರು ಬಿಟ್ಟು ಹೋಗಲಾರದ ಹಳ್ಳಿಗೆ ಕಾವ್ಯವೇ ಪಂಚಾಯಿತಿಯಾಗಿತ್ತು. ಇದನ್ನು ಕೇವಲ ಮುಗ್ಧ ವಿನೋದವೆಂದು ಬಣ್ಣಿಸುವುದು ಸರಿಯಲ್ಲ. ನಲಿವಿನ ಜೊತೆಗೆ ನಿರ್ದಯತೆಯೂ ಅದರಲ್ಲಿತ್ತು. ಹಳ್ಳಿಯ ಕಲೆಯನ್ನು ಬರಿಯ ಸೌಹಾರ್ದದ ಚಿತ್ರವಾಗಿ ತೋರಿಸುವ ಬರೆಹಗಳು ಈ ಭಾಗವನ್ನು ಮುಚ್ಚಿಬಿಡುತ್ತವೆ.

ಟೊಟ್ಟುರಿನ ಮೊನೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ನೋಲ್ಸೊಯಾರ್ ಪೌಲನ ಹಕ್ಕಿಗಳ ಗೀತ ಸಾಕ್ಷಿ. ಇವನು ನಾವಿಕ, ರೈತ. 1804ರಲ್ಲಿ ಸ್ವಂತ ಹಡಗು ಕಟ್ಟಿಸಿ ವ್ಯಾಪಾರಕ್ಕೆ ಹೊರಟವನು. ದ್ವೀಪಗಳ ವ್ಯಾಪಾರವೆಲ್ಲ ಆಗ ಡೇನಿಷ್ ಸರಕಾರದ ಏಕಸ್ವಾಮ್ಯಕ್ಕೆ ಸೇರಿದ್ದುದರಿಂದ ಅಧಿಕಾರಿಗಳಿಗೂ ಇವನಿಗೂ ಕಲಹವಾಯಿತು. 1806-07ರಲ್ಲಿ ಅವನು ಕಟ್ಟಿದ ಗೀತದಲ್ಲಿ ಅಧಿಕಾರಿಗಳು ಹದ್ದು ಗಿಡುಗಗಳು. ಅವುಗಳ ಬರವನ್ನು ಕೂಗಿ ಸಾರಿ ಚಿಕ್ಕ ಹಕ್ಕಿಗಳನ್ನು ಕಾಯುವುದು ಕಡಲತೀರದ ಕೆಂಪುಕೊಕ್ಕಿನ ಹಕ್ಕಿ. ಇನ್ನೂರಕ್ಕೂ ಮಿಕ್ಕ ಪದ್ಯಗಳ ಈ ಗೀತವನ್ನು ಕುಣಿಯುವಾಗ ಹಳ್ಳಿಯ ಹಾಸ್ಯದ ಯಂತ್ರವೇ ದೊಡ್ಡ ಬೇಟೆಯ ಕಡೆಗೆ ತಿರುಗಿತು. ಆ ಏಕಸ್ವಾಮ್ಯ ರದ್ದಾದದ್ದು 1856ರಲ್ಲಿ. ಕೆಂಪುಕೊಕ್ಕಿನ ಹಕ್ಕಿ ದ್ವೀಪಗಳ ರಾಷ್ಟ್ರಪಕ್ಷಿಯಾಗಿ ನಿಂತಿದೆ.

ಪ್ರಾಚೀನತೆಯ ಭಕ್ತರಿಗೆ ಅತ್ಯಂತ ಕಸಿವಿಸಿಯುಂಟುಮಾಡತಕ್ಕ ಸಂಗತಿ ಇನ್ನೊಂದುಂಟು. ಬಳಸಿಯಲ್ಲಿ ಅತ್ಯಂತ ಜನಪ್ರಿಯವಾದ ಗೀತಗಳಲ್ಲಿ ಒಂದಾದ ಉದ್ದಸರ್ಪದ ಗೀತ ಪುರಾತನವೇ ಅಲ್ಲ. ಕ್ರಿ.ಶ. 1000ದಲ್ಲಿ ಸ್ವೋಲ್ಡರಿನ ನೌಕಾಯುದ್ಧದಲ್ಲಿ ಸೋತ ನಾರ್ವೆಯ ರಾಜ ಓಲಾವನ ಹಡಗಿನ ಹೆಸರು ಉದ್ದಸರ್ಪ. ಅದನ್ನು ಕುರಿತು ಗೀತ ಕಟ್ಟಿದವನು ಯೆನ್ಸ್ ಕ್ರಿಶ್ಚಿಯನ್ ಜುರ್ಹೂಸ್ ಎಂಬ ರೈತ, 1830ರ ಸುಮಾರಿಗೆ. ಕವಿಯ ಹೆಸರು ಗೊತ್ತು, ಊರು ಗೊತ್ತು, ಕಾಲವೂ ಗೊತ್ತು. ಅದಕ್ಕೂ ಹಿಂದೆ ವೇಡೆಲ್ 1591ರಲ್ಲಿಯೂ ಪೇಡರ್ ಸ್ಯೂ 1695ರಲ್ಲಿಯೂ ಡೆನ್ಮಾರ್ಕಿನಲ್ಲಿ ಅಚ್ಚುಹಾಕಿಸಿದ ಡೇನಿಷ್ ಗೀತಗಳ ಪುಸ್ತಕಗಳು ದ್ವೀಪಗಳಿಗೆ ಬಂದು, ಅವುಗಳಲ್ಲಿಯ ಹಾಡುಗಳು ತಮ್ಮ ಉಚ್ಚಾರಣೆಯನ್ನು ಬದಲಿಸಿಕೊಂಡು ಬಳಸಿಯಲ್ಲಿ ಸೇರಿಹೋಗಿದ್ದುವು. ಬಾಯಿಯ ಪರಂಪರೆ ಶುದ್ಧ, ಪುಸ್ತಕ ಅದರ ಶತ್ರು ಎಂಬ ಸಿದ್ಧಾಂತಕ್ಕೆ ಫೇರೋದಲ್ಲಿ ಆಧಾರ ಸಿಕ್ಕದು. ಬಳಸಿಗೆ ಕುಲಗೋತ್ರದ ವಿಚಾರವೇ ಇರಲಿಲ್ಲ. ಹೆಜ್ಜೆಗೆ ಒಗ್ಗುವುದೇ, ಸೊಲ್ಲು ಹಿಡಿಯುವುದೇ, ಮೂರು ಚಳಿಗಾಲ ನಿಲ್ಲುವುದೇ ಎಂಬುದಷ್ಟೇ ಅದರ ಪರೀಕ್ಷೆ.

ಹಾಗಾದರೆ ಬಳಸಿ ಬಡವಾದದ್ದೇಕೆ? 1872ರಿಂದ ಈಚೆಗೆ ಕೊಂಡುತಂದ ದೊಡ್ಡ ಹಾಯಿಹಡಗುಗಳಲ್ಲಿ ಗಂಡಸರು ದೂರದ ಮೀನುಗಾರಿಕೆಗೆ ಹೊರಟರು. ಉಣ್ಣೆಯ ಬದಲು ಮೀನು ಹೊನ್ನಾಯಿತು. ಹೊಗೆಕೋಣೆ ಹೋಗಿ ಒಲೆಗಳು ಬೇರೆಬೇರೆಯಾದುವು. ಪಿಟೀಲಿನೊಡನೆ ಜೋಡಿಕುಣಿತಗಳು ಬಂದುವು. 1888ರ ಡಿಸೆಂಬರ್ 26ರಂದು ಟೋರ್ಸ್‌ಹಾವ್ನ್ ಪಟ್ಟಣದಲ್ಲಿ ಭಾಷೆಯ ರಕ್ಷಣೆಗಾಗಿ ಸಭೆ ಸೇರಿತು. 1938ರಲ್ಲಿ ಶಾಲೆಗಳಲ್ಲಿ ಮನೆಮಾತಿಗೆ ಸಮಾನ ಸ್ಥಾನ ಸಿಕ್ಕಿತು. 1948ರಲ್ಲಿ ಸ್ವಯಮಾಡಳಿತ ದೊರೆಯಿತು. ಇವೆಲ್ಲ ಗೆಲುವುಗಳೇ. ಆದರೆ ಭಾಷೆಗೆ ಶಾಲೆ, ಇಗರ್ಜಿ, ಪತ್ರಿಕೆ, ಕಾದಂಬರಿಗಳು ದೊರೆತಂತೆಲ್ಲ ಬಳಸಿಯ ಮೇಲಿದ್ದ ಭಾರ ಇಳಿಯಿತು. ಒಂದು ಜನಾಂಗದ ಗ್ರಂಥಭಂಡಾರವಾಗಿದ್ದುದು ಆ ಜನಾಂಗದ ಉತ್ಸವವಾಯಿತು. ಭಾಷೆ ಸಾಯುವುದೆಂದು ಸ್ವಾಬೋ ಹೇಳಿದ್ದು ಸುಳ್ಳಾಯಿತು. ಸ್ಥಾನ ಕಳೆದುಕೊಂಡದ್ದು ಭಾಷೆಯನ್ನು ಕಾಪಾಡಿದ ಕುಣಿತ. ಅದೂ ಭಾಷೆ ಗೆದ್ದ ಕಾರಣದಿಂದಲೇ. ಹೀಗಾಗಬಾರದಿತ್ತೆಂದು ಹಲುಬುವವರು, ಓದುಬರೆಹವಿಲ್ಲದ ಆ ಕತ್ತಲೆಯ ಚಳಿಗಾಲವನ್ನು ತಮ್ಮ ಮಕ್ಕಳಿಗೆ ಬಯಸುವರೇ ಎಂಬುದಕ್ಕೆ ಉತ್ತರ ಹೇಳಬೇಕು.

ಕುಣಿತ ನಿಂತಿಲ್ಲ. ಊರೂರಿನ ಕುಣಿತದ ಸಂಘಗಳು ಅದನ್ನು ನಡೆಸುತ್ತಿವೆ. ಶಾಲೆಯ ಮಕ್ಕಳು ಕಲಿಯುತ್ತಾರೆ. ಸುಡುರೊಯ್ ದ್ವೀಪದ ಸುಂಬಾ ಎಂಬ ಊರಿನವರು ತಮ್ಮ ಹಾಡಿಕೆಗೆ ಹೆಸರಾಗಿದ್ದಾರೆ. 2002ರಲ್ಲಿ ಟ್ಯೂರ್ ಎಂಬ ದ್ವೀಪದ ವಾದ್ಯಗೋಷ್ಠಿಯು ಉದ್ದಸರ್ಪದ ಗೀತವನ್ನು ವಿದ್ಯುತ್ ಗಿಟಾರುಗಳೊಡನೆ ಹಾಡಿ ಧ್ವನಿಮುದ್ರಿಕೆ ತಂದಾಗ ಅದು ಹೊರದೇಶಗಳಲ್ಲಿಯೂ ಕೇಳಿಬಂದಿತು. ಹಾಡಿಕೆ ಬಿರುಸಾಗಿದೆ, ಕೆಲವೇ ಪದ್ಯಗಳನ್ನು ಆಯ್ದುಕೊಂಡದ್ದೂ ಅದಕ್ಕೆ ತಕ್ಕದ್ದೇ. ಆದರೆ ಅದು ಕೇಳುವವರಿಗಾಗಿ ಹಾಡಿದ್ದು. ಪ್ರತಿ ವರ್ಷ ಜುಲೈ 29ರ ನಡುರಾತ್ರಿ, ಓಲಾವ ಸಂತನ ಉತ್ಸವದಲ್ಲಿ, ಟೋರ್ಸ್‌ಹಾವ್ನಿನ ಬೀದಿಯಲ್ಲಿ ಜನ ಒಟ್ಟಾಗಿ ಹಾಡಿದ ಮೇಲೆ ಬಳಸಿ ಕಟ್ಟುತ್ತಾರೆ. ಅದು ಬೇಸಗೆ, ಆಕಾಶ ಪೂರ್ತಿ ಕಪ್ಪಾಗಿರುವುದಿಲ್ಲ, ಕೋಣೆಯ ಇಕ್ಕಟ್ಟೂ ಇಲ್ಲ. ಆದರೂ ಬಂದವನು ಯಾವ ಇಬ್ಬರ ನಡುವೆಯಾದರೂ ಕೈ ಬಿಡಿಸಿ ಸೇರಬಹುದೆಂಬ ಹಳೆಯ ರೂಢಿ ಅಲ್ಲಿ ಹಾಗೆಯೇ ಇದೆ. ಪದ್ಯ ಬಾರದವನು ಮೊದಲು ಹೆಜ್ಜೆ ಹಿಡಿಯುತ್ತಾನೆ. ಮೂರು ನಾಲ್ಕು ಪದ್ಯ ಕಳೆಯುವುದರೊಳಗೆ ಸೊಲ್ಲು ಅವನ ಬಾಯಿಗೂ ಬರುತ್ತದೆ.